ನೆತ್ತಿಯೊಳಗೆ ಕೂತ ಭಾಗವತರು

ಕರಾವಳಿಯಲ್ಲಿ ಹೆಡ್‌ಫೋನ್ ಬಾಳಿಸುವುದು ಸುಲಭದ ಮಾತಲ್ಲ. ಆಷಾಢ ಬಂತೆಂದರೆ ಕಿವಿಮೆತ್ತೆಗೆ ಬೂಷ್ಟು ಹಿಡಿಯುತ್ತದೆ. ಉಪ್ಪುಗಾಳಿಗೆ ಪಿನ್ನು ಹಸಿರು ಕಿಲುಬುಗಟ್ಟಿ ಒಂದೇ ಕಿವಿಗೆ ಕೇಳತೊಡಗುತ್ತದೆ; ತುಸು ತಿರುಗಿಸಿದರೆ ಇನ್ನೊಂದೇ ಕಿವಿಗೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ, ತಿನ್ನಬೇಡಿ ಎಂದು ಬರೆದ ಪುಟ್ಟ ಪೊಟ್ಟಣಗಳನ್ನು ನಮ್ಮ ಮನೆಯಲ್ಲಿ ಯಾರೂ ಎಸೆಯುವಂತಿಲ್ಲ. ಅವೆಲ್ಲ ಹೆಡ್‌ಫೋನಿನ ಡಬ್ಬಿಗೆ ಹೋಗಬೇಕು. ಪೊಟ್ಟಣ ಕಡಿಮೆ ಬಿದ್ದಾಗ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟದ್ದೂ ಉಂಟು. ಅನ್ನದಲ್ಲಿ ಕಪ್ಪು ಸ್ಪಂಜಿನ ಚೂರೊಂದು ಸಿಕ್ಕ ದಿನ ಆ ಸೌಲಭ್ಯ ರದ್ದಾಯಿತು.

ಇಷ್ಟು ಉಪಚಾರ ಮಾಡಿಸಿಕೊಳ್ಳುವ ವಸ್ತುಗಳು ನನ್ನವಲ್ಲ, ಅಕ್ಕನ ಮಗನವು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚೌತಿಗೆಂದು ಅಂಕೋಲೆಗೆ ಬಂದವನು ಮೂರು ಬಗೆಯವನ್ನು ಜಗಲಿಯ ಮೇಲೆ ಹರವಿದ. ಒಂದು, ಹಿಂದೆ ಮೊಬೈಲಿನ ಜತೆ ಪುಕ್ಕಟೆ ಬರುತ್ತಿದ್ದಂಥ, ಕಿವಿಯ ಗುಳಿಯಲ್ಲಿ ಸುಮ್ಮನೆ ಕೂರುವ ಬಿಲ್ಲೆಯಂಥ ಇಯರ್‌ಬಡ್. (ಈಗ ಕಾರವಾರದ ಅಂಗಡಿಗಳಲ್ಲಿ ಇಯರ್‌ಬಡ್ ಕೇಳಿದರೆ ವೈರಿಲ್ಲದ ಬ್ಲೂಟೂತ್ ಕೊಡುತ್ತಾರೆ. ಅದಲ್ಲ ಇದು.) ಇನ್ನೊಂದು, ರಬ್ಬರ್ ತುದಿಯಿಂದ ಕಿವಿಯ ಕಾಲುವೆಗೇ ಬೂಚು ಜಡಿಯುವ ಇನ್-ಇಯರ್ ಮಾನಿಟರ್, ಅವನ ಬಾಯಲ್ಲಿ ಐಇಎಂ. ಕೊನೆಯದು ಓಪನ್-ಬ್ಯಾಕ್ ಹೆಡ್‌ಫೋನ್: ಇಡೀ ಕಿವಿಯನ್ನು ಸುತ್ತುವರಿಯುವ ದೊಡ್ಡ ಬಟ್ಟಲು, ಹೊರಮೈಗೆ ಮುಚ್ಚಳವಿಲ್ಲ, ಬರೀ ಜಾಲರಿ. ಬೆಲೆ ವಿಚಾರಿಸಿದೆ. ಇಯರ್‌ಬಡ್ಡಿನದು ಮೀನುಪೇಟೆಯಲ್ಲಿ ಒಂದು ಹೊತ್ತಿನ ಖರ್ಚು. ಐಇಎಮ್ಮಿನದು ಎರಡು ಸಾವಿರದೊಳಗೆ. ಓಪನ್-ಬ್ಯಾಕಿನ ಬೆಲೆಯನ್ನು ಅವನು ಇನ್ನೂ ಅಕ್ಕನಿಗೆ ಹೇಳಿಲ್ಲವಾದ್ದರಿಂದ ನಾನೂ ಇಲ್ಲಿ ಬರೆಯುವುದಿಲ್ಲ.

"ಮಾವ, ಬೇಸ್ ಎಷ್ಟು ಬರ್ತದೆ ಅಂತ ನೋಡ್ಬೇಡಿ. ಸೌಂಡ್‌ಸ್ಟೇಜ್ ನೋಡಿ. ಯಾರು ಎಲ್ಲಿ ಕೂತು ನುಡಿಸ್ತಾ ಇದ್ದಾರೆ ಅಂತ ಗೊತ್ತಾಗ್ಬೇಕು. ಆಮೇಲೆ ಬ್ರೈಟ್‌ನೆಸ್. ಸ, ಶ ಅಂದಾಗ ಚುಚ್ಚಬಾರ್ದು" ಎಂದ.

ಯಾರು ಎಲ್ಲಿ ಕೂತಿದ್ದಾರೆಂದು ತಿಳಿಯುವ ವಿದ್ಯೆಯನ್ನು ನಮ್ಮ ಕಡೆಯವರಿಗೆ ಯಕ್ಷಗಾನದ ಆಟ ಕಲಿಸಿದೆ. ಸಣ್ಣವರಿದ್ದಾಗ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡೇ ಯಾವ ಗದ್ದೆಯಲ್ಲಿ ಬಯಲಾಟ ಎಂದು ಹೇಳುತ್ತಿದ್ದೆವು. ಮೊದಲು ಮುಟ್ಟುವುದು ಚಂಡೆ. ಗಾಳಿ ನಮ್ಮ ಕಡೆ ತಿರುಗಿದರೆ ಭಾಗವತರ ಏರುದನಿ ಒಂದಿಷ್ಟು ಬಂದು ಕಡಿದುಹೋಗುತ್ತದೆ. ಮದ್ದಳೆ ಕೇಳಬೇಕಾದರೆ ಎದ್ದು ಹೋಗಲೇಬೇಕು. ಗದ್ದೆಯ ಹಾಳಿ ಹತ್ತಿದ ಮೇಲೇ ಅದು ಕಿವಿಗೆ ಬೀಳುವುದು. ರಂಗಸ್ಥಳದ ಎದುರು ಕೂತು ಕಣ್ಣು ಮುಚ್ಚಿದರೂ ಗೆಜ್ಜೆ ಎಡದಿಂದ ಬಲಕ್ಕೆ ಹೋದದ್ದು, ವೇಷ ಹಿಂದೆ ಸರಿದದ್ದು, ಬೆನ್ನ ಹಿಂದೆ ಯಾರದೋ ಮಗು ಎದ್ದು ಅತ್ತದ್ದು, ಎಲ್ಲವೂ ತಂತಮ್ಮ ಜಾಗದಿಂದಲೇ ಬರುತ್ತವೆ.

ಇದರ ಹಿಂದಿನ ಲೆಕ್ಕಾಚಾರ ನಿಜಕ್ಕೂ ಚಂದ. ಎಡಗಡೆಯ ಸದ್ದು ಬಲಗಿವಿಯನ್ನು ತಲುಪಲು ಹೆಚ್ಚು ಬೇಕಾಗುವ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲ. ಮಿದುಳು ಅದನ್ನು ಹಿಡಿಯುತ್ತದೆ. ಏರುಸ್ವರಗಳಿಗೆ ನಮ್ಮ ತಲೆಯೇ ಅಡ್ಡ ಬಂದು ಆಚೆ ಕಿವಿಗೆ ಸದ್ದು ತಗ್ಗುತ್ತದೆ, ಅದೂ ಲೆಕ್ಕಕ್ಕೆ. ಮುಂದೋ ಹಿಂದೋ, ಮೇಲೋ ಕೆಳಗೋ ಎಂಬ ತೀರ್ಪಿಗೆ ಹೊರಗಿವಿಯ ಮಡಿಕೆಗಳು ಬೇಕು. ಸದ್ದು ಬಂದ ದಿಕ್ಕಿಗೆ ತಕ್ಕಂತೆ ಅವು ಕೆಲವು ಸ್ವರಗಳನ್ನು ಎತ್ತುತ್ತವೆ, ಕೆಲವನ್ನು ಅದುಮುತ್ತವೆ. ಇಷ್ಟಾಗಿಯೂ ಸಂಶಯ ಉಳಿದರೆ ನಾವು ಅರಿವಿಲ್ಲದೆ ತಲೆಯನ್ನು ತುಸು ತಿರುಗಿಸುತ್ತೇವೆ. ಹೆಡ್‌ಫೋನ್ ಹಾಕಿ ತಲೆ ತಿರುಗಿಸಿ ನೋಡಿ: ಇಡೀ ಮೇಳ ನಿಮ್ಮ ಜತೆಗೇ ತಿರುಗುತ್ತದೆ. ಅಲ್ಲಿಗೆ ಮಿದುಳಿಗೆ ಕಳ್ಳತನ ಗೊತ್ತಾಗುತ್ತದೆ.

ಅಳಿಯನ ಮೊಬೈಲಿನಲ್ಲಿದ್ದ ಶಿವಕುಮಾರ ಶರ್ಮಾ ಅವರ ಸಂತೂರನ್ನು ಮೂರರಲ್ಲೂ ಕೇಳಿದೆ. ಐಇಎಮ್ಮಿನಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿ. ತಂತಿಗೆ ಕೋಲು ತಾಗಿದ್ದು ಬೇರೆ, ತಂತಿ ನುಡಿದದ್ದು ಬೇರೆ ಎಂಬಷ್ಟು ಸ್ಪಷ್ಟ. ಆದರೆ ಸಂತೂರು ಕೂತಿದ್ದು ನನ್ನ ಹುಬ್ಬುಗಳ ನಡುವೆ, ತಬಲಾ ಬಲಗಿವಿಯ ಒಳಗೋಡೆಗೆ ಒರಗಿಕೊಂಡು. ಎಡಗಿವಿಯಿಂದ ಬಲಗಿವಿಗೆ ಒಂದು ದಾರ ಕಟ್ಟಿ ಕಲಾವಿದರನ್ನು ಅದರ ಮೇಲೆ ಕೂರಿಸಿದ್ದರು. ಅದಕ್ಕೆ ಕಾರಣವಿದೆ. ಐಇಎಂ ಹೊರಗಿವಿಯನ್ನು ದಾಟಿ ಒಳಗೇ ನುಗ್ಗುತ್ತದೆ. ಮಡಿಕೆಗಳ ಸಾಕ್ಷ್ಯವನ್ನು ಕೇಳುವುದೇ ಇಲ್ಲ.

ಇಯರ್‌ಬಡ್ಡಿನಲ್ಲಿ ತಬಲಾದ ಡಗ್ಗಾ ಮಾಯ. ಕಿವಿಗೂ ಬಿಲ್ಲೆಗೂ ನಡುವಿನ ಸಂದಿನಿಂದ ಮಂದ್ರವೆಲ್ಲ ಸೋರಿಹೋಗುತ್ತದೆ. ಬೆರಳಿನಿಂದ ಒತ್ತಿ ಹಿಡಿದರೆ ಡಗ್ಗಾ ಬಂತು, ಬಿಟ್ಟರೆ ಹೋಯಿತು. ಆದರೆ ತಮಾಷೆಯೆಂದರೆ, ಸಂತೂರು ಹುಬ್ಬಿನಿಂದ ಇಳಿದು ಕಿವಿಯ ಹೊರಗೆ, ಸ್ವಲ್ಪ ಮಬ್ಬಾಗಿ, ಸ್ವಲ್ಪ ಅಗಲವಾಗಿ ಹರಡಿಕೊಂಡಿತ್ತು. ಅಗ್ಗದ ಬಿಲ್ಲೆ ಕೊಟ್ಟ ಬಯಲನ್ನು ಅದಕ್ಕಿಂತ ದುಬಾರಿಯ ಬೂಚು ಕೊಡಲಿಲ್ಲ.

ಓಪನ್-ಬ್ಯಾಕಿನ ಗುಟ್ಟು ತಿಳಿಯಬೇಕಾದರೆ ಗುಮಟೆ ಬಾರಿಸುವವರ ಕೈಯನ್ನು ನೋಡಬೇಕು. ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಗುಮಟೆಯ ಪಾಂಗು ನೋಡಿದವರಿಗೆ ಗೊತ್ತು: ಅದು ಎರಡು ಬಾಯಿಯ ಮಣ್ಣಿನ ಗಡಿಗೆ. ಅಗಲ ಬಾಯಿಗೆ ಚರ್ಮ. ಹಿಂದೆ ಉಡದ ಚರ್ಮವಿತ್ತು. 1972ರ ವನ್ಯಜೀವಿ ಕಾಯ್ದೆಯಡಿ ಅದು ನಿಷಿದ್ಧ, ಈಗ ಆಡಿನದು. ಸಣ್ಣ ಬಾಯಿ ತೆರೆದೇ ಇರುತ್ತದೆ. ಒಂದು ಕೈ ಚರ್ಮದ ಮೇಲೆ ಬಡಿಯುತ್ತಿದ್ದರೆ ಇನ್ನೊಂದು ಕೈಯ ಅಂಗೈ ತೆರೆದ ಬಾಯಿಯನ್ನು ಮುಚ್ಚುತ್ತ, ತೆರೆಯುತ್ತ ಇರುತ್ತದೆ. ಮುಚ್ಚಿದಾಗ ಸದ್ದು ಗಡಿಗೆಯೊಳಗೇ ಗುಮ್ಮೆಂದು ಅದುಮಿಕೊಳ್ಳುತ್ತದೆ. ತೆರೆದಾಗ ಅಂಗಳಕ್ಕೆ ಹಾರುತ್ತದೆ. ನೋಡುವವರ ಕಣ್ಣು ಬಡಿಯುವ ಕೈಯ ಮೇಲಿರುತ್ತದೆ. ಕಸುಬೆಲ್ಲ ಮುಚ್ಚುವ ಕೈಯಲ್ಲಿದೆ.

ಹೆಡ್‌ಫೋನಿನ ಸಂಗತಿ ಪೂರ್ತಿ ಇದೇ ಅಲ್ಲ, ಆದರೆ ಹತ್ತಿರದ್ದು. ಒಳಗಿನ ಪೊರೆ ಮುಂದಕ್ಕೆ ದೂಡಿದಷ್ಟೇ ಗಾಳಿಯನ್ನು ಹಿಂದಕ್ಕೂ ದೂಡುತ್ತದೆ. ಹಿಂದೆ ಮುಚ್ಚಳವಿದ್ದರೆ ಆ ಅಲೆ ಬಡಿದು ವಾಪಸು ಬಂದು ಮುಂದಿನ ಸದ್ದಿನೊಂದಿಗೆ ಕಲಸಿಕೊಳ್ಳುತ್ತದೆ. ಜಾಲರಿಯಿದ್ದರೆ ಹೊರಟುಹೋಗುತ್ತದೆ. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ಎಂಬ ಹೆಡ್‌ಫೋನಿನ ಬೆನ್ನು ತೆರೆದು ಮಾರುಕಟ್ಟೆಗೆ ಬಿಟ್ಟಾಗ ಇಡೀ ಉದ್ಯಮಕ್ಕೆ ಅದು ಹೊಸದು. ಅದೇ ಕಂಪನಿಯ 2009ರ ಎಚ್‌ಡಿ 800ರಲ್ಲಿ ಸ್ಪೀಕರನ್ನು ಕಿವಿಯಿಂದ ದೂರವಿಟ್ಟು ಓರೆಯಾಗಿ ನಿಲ್ಲಿಸಿದರು. ಸದ್ದು ಹೊರಗಿವಿಯ ಮಡಿಕೆಗಳನ್ನು ಸವರಿಕೊಂಡೇ ಒಳಗೆ ಹೋಗಲಿ ಎಂದು. ಅಳಿಯನದು ಅಷ್ಟು ಮೇಲಿನ ದರ್ಜೆಯದಲ್ಲ, ಆದರೂ ಸಂತೂರು ನನ್ನ ಹಣೆಯನ್ನು ಬಿಟ್ಟು ಗೇಣುದ್ದ ಆಚೆ ಹೋಗಿ ಕೂತಿತು. ತಬಲಾ ಅದರ ಪಕ್ಕಕ್ಕೆ, ತನ್ನದೇ ಚಾಪೆಯ ಮೇಲೆ. ನಡುವೆ ಖಾಲಿ ಜಾಗ. ನನಗೆ ಹಿಡಿಸಿದ್ದು ಆ ಖಾಲಿ ಜಾಗ.

ಹೊರಗೆ ಮಳೆ ಬಂತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಸುಮಾರು ಸುರಿಯುವ ಊರು ನಮ್ಮದು. ಜಗಲಿಗೆ ತಗಡಿನ ಮಾಡು. ಜಾಲರಿಯ ಮೂಲಕ ಇಡೀ ಮಳೆ ಒಳಗೆ ಬಂದು ಸಂತೂರಿನ ಮೇಲೆ ಕೂತಿತು. ಒಳಗಿನಿಂದ ನನ್ನ ಹೆಂಡತಿ, "ಅದೆಂತದು ಟಿಣ್ ಟಿಣ್, ಸಣ್ಣ ಮಾಡಿ" ಎಂದಳು. ಓಪನ್-ಬ್ಯಾಕ್ ಒಳಗಿನ ಸದ್ದನ್ನೂ ಮನೆಮಂದಿಗೆಲ್ಲ ಹಂಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರ ಕನ್ನಡದಲ್ಲಿ ಈ ವಸ್ತುವಿಗೆ ಕೆಲಸವಿಲ್ಲ. ಉಳಿದ ತಿಂಗಳುಗಳಲ್ಲಿ ಫ್ಯಾನು ನಿಲ್ಲಿಸಲು ಒಪ್ಪುವ ಮನೆ ಬೇಕು.

ಇನ್ನು ಬ್ರೈಟ್‌ನೆಸ್. ಏರುಸ್ವರಗಳ ಪಾಲು ಹೆಚ್ಚಾದರೆ ಸದ್ದು ಹೊಳೆಯುತ್ತದೆ, ಇನ್ನೂ ಹೆಚ್ಚಾದರೆ ಇರಿಯುತ್ತದೆ. ಹೊಳಪು ತಪ್ಪಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲಿನ ಎಳೆ ಸಿಕ್ಕಿಸಿ ಜವಾರಿ ಹೊಂದಿಸುವುದು ಯಾಕೆ? ತಂತಿಯ ಮೇಲಿನ ಉಪಸ್ವರಗಳು ಝೇಂಕರಿಸಲಿ ಎಂದು. ನೂಲು ಕೂದಲೆಳೆಯಷ್ಟು ಸರಿದರೂ ತಂಬೂರಿ ಮಂಕಾಗುತ್ತದೆ. ಹೀಗಾಗಿ ಇಯರ್‌ಫೋನಿನ ಹೊಳಪು ಅಳೆಯಲು ನನ್ನ ಮಟ್ಟಿಗೆ ತಂಬೂರಿ, ಚಂಡೆ ಎರಡೂ ಬೇಕು. ತಂಬೂರಿ ಬರೀ ಗುಂಯ್ ಎಂದರೆ ವಸ್ತು ಮಂಕು. ಚಂಡೆಯ ಹುಸಿಪೆಟ್ಟಿಗೂ ಹಲ್ಲು ಕಚ್ಚುವಂತಾದರೆ ಹೊಳಪು ಮಿತಿಮೀರಿದೆ. ಅಳಿಯನ ಐಇಎಂ ತಂಬೂರಿಯಲ್ಲಿ ಪಾಸು, ಚಂಡೆಯಲ್ಲಿ ಅಳಿಯನ ಪ್ರಕಾರ ಫೇಲು. ನನಗೆ ಅದು ಸರಿಯಾಗಿಯೇ ಇತ್ತು.

"ನಿಮ್ಮ ವಯಸ್ಸಿಗೆ ಹಾಗೆ ಕೇಳ್ತದೆ ಮಾವ" ಎಂದ, ಮರ್ಯಾದೆಯಿಂದಲೇ.

ಹುಡುಗ ಹೇಳಿದ್ದರಲ್ಲಿ ಹುರುಳಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀರ ಮೇಲಿನ ಸ್ವರಗಳನ್ನೇ. ಆದರೆ ಇನ್ನೊಂದು ಕಾರಣವೂ ಇದೆ, ಅದನ್ನು ಈ ವಸ್ತುಗಳ ವಿಮರ್ಶಕರು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ತಕರಾರು. ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರಿನ ಕೊಳವೆ, ಒಳತುದಿಗೆ ತಮಟೆ. ತೆರೆದಿದ್ದಾಗ ಅದು 3,000 ಹರ್ಟ್ಜ್ ಆಸುಪಾಸಿನ ಸದ್ದನ್ನು ತಾನಾಗಿಯೇ ಎತ್ತಿಕೊಡುತ್ತದೆ. ಬೂಚು ಹಾಕಿದರೆ ಆ ಕೊಡುಗೆ ಹಾಳಾಗುತ್ತದೆ. ಐಇಎಂ ತಯಾರಿಸುವವರು ಅದನ್ನು ತಾವೇ ಸೇರಿಸಿಕೊಡಬೇಕು. ಬೂಚಿಗೂ ತಮಟೆಗೂ ನಡುವೆ ಉಳಿದ ಗಿಡ್ಡ ಗಾಳಿಕಂಬ ಇನ್ನೂ ಮೇಲೆ, ಸಾಮಾನ್ಯವಾಗಿ 8,000 ಹರ್ಟ್ಜ್ ಹತ್ತಿರ, ಹೊಸದೊಂದು ಮೊನೆ ಎಬ್ಬಿಸುತ್ತದೆ. ಸ, ಶ, ತಾಳದ ಕಿಣಿಗಳೆಲ್ಲ ಓಡಾಡುವ ಕೇರಿ ಅದು. ಬೂಚನ್ನು ಆಳಕ್ಕೆ ಒತ್ತಿದರೆ ಮೊನೆ ಮೇಲಕ್ಕೆ ಸರಿಯುತ್ತದೆ, ಸಡಿಲ ಬಿಟ್ಟರೆ ಕೆಳಗಿಳಿದು ಇರಿಯುತ್ತದೆ. ಅಂದಮೇಲೆ ಒಂದೇ ಐಇಎಂ ಅಳಿಯನಿಗೆ ಚುಚ್ಚಿ ಮಾವನಿಗೆ ಚುಚ್ಚದಿರುವುದು ಸಹಜ. ರಬ್ಬರ್ ತುದಿ ತೆಗೆದು ಸ್ಪಂಜಿನ ತುದಿ ಹಾಕಿಕೊಟ್ಟೆ. ಅವನ ದೂರು ಅರ್ಧ ಇಳಿಯಿತು.

ಹೊಳಪು ಮತ್ತು ಬಯಲು, ಇವೆರಡರ ನಡುವೆ ಒಂದು ಒಳಒಪ್ಪಂದವೂ ಇದೆ. ಏರುಸ್ವರ ತುಸು ಹೆಚ್ಚಿಸಿ, ಹಾಡುವ ದನಿಯ ಮೈಯಿರುವ ನಡುಸ್ವರಗಳನ್ನು ತುಸು ಹಿಂದೆ ತಳ್ಳಿದರೆ ಗಾಯಕ ದೂರ ಸರಿದಂತೆ, ಸುತ್ತ ಗಾಳಿಯಾಡಿದಂತೆ ಭಾಸವಾಗುತ್ತದೆ. ದೊಡ್ಡ ಸೌಂಡ್‌ಸ್ಟೇಜ್ ಎಂದು ಹೊಗಳಿಸಿಕೊಂಡ ಎಷ್ಟೋ ವಸ್ತುಗಳ ಬಂಡವಾಳ ಇಷ್ಟೇ. ಪರೀಕ್ಷೆ ಸುಲಭ: ಮೊಬೈಲಿನ ಈಕ್ವಲೈಸರಿನಲ್ಲಿ ಏರುಸ್ವರ ಇಳಿಸಿ ನೋಡಿ. ಬಯಲು ಕುಸಿದರೆ ಅದು ಹೊಳಪಿನ ಆಟ. ಕುಸಿಯದಿದ್ದರೆ ನಿಜವಾದ ಬಯಲು. ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಕೂದಲೆಳೆಯಷ್ಟು ಗಟ್ಟಿಯಿದ್ದದ್ದೇ ನಮಗೆ ಉತ್ತಮವೆಂದು ಕಾಣುತ್ತದೆ. ಇಷ್ಟನ್ನೂ ಅಳೆದು ನೋಡಿದವರಿದ್ದಾರೆ. ಅಮೆರಿಕದ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ನೂರಾರು ಜನರನ್ನು ಕೂರಿಸಿ ಕೇಳಿಸಿದಾಗ ಹೆಚ್ಚಿನವರಿಗೆ ಹಿಡಿಸಿದ್ದು, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರಿನೆದುರು ಕೂತಾಗ ಕೇಳಿಸುವಂಥ ಧ್ವನಿ. ಹೆಡ್‌ಫೋನಿನ ಮೇಲ್ಪಂಕ್ತಿ ಕೊನೆಗೂ ಹೆಡ್‌ಫೋನ್ ಅಲ್ಲ.

ಅಳಿಯ ಮೂರನ್ನೂ ನನ್ನಲ್ಲೇ ಬಿಟ್ಟು ಹೋದ. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಕಚೇರಿಗೆ ಹೋಗಿಬರುವ ನನಗೆ ಬಸ್ಸಿನೊಳಗೆ ಐಇಎಂ ಬಿಟ್ಟರೆ ಬೇರೆ ಗತಿಯಿಲ್ಲ. ಅವರ್ಸಾ ದಾಟುವಷ್ಟರಲ್ಲಿ ಎಂಜಿನ್ನಿನ ಗುಡುಗು ಇಯರ್‌ಬಡ್ಡಿನ ಮಂದ್ರವನ್ನೆಲ್ಲ ನುಂಗಿರುತ್ತದೆ. ಅದನ್ನು ಗೆಲ್ಲಲು ವಾಲ್ಯೂಮ್ ಏರಿಸಿದರೆ ಕಿವಿಯ ಆಯುಷ್ಯ ಇಳಿಯುತ್ತದೆ. ಐಇಎಮ್ಮಿನಲ್ಲಿ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಟ್ಟೇ ಭೀಮಸೇನ ಜೋಶಿಯವರ ಮಂದ್ರ ಷಡ್ಜ ಕೇಳಬಹುದು. ತೊಂದರೆ ಬೇರೆ ಬಗೆಯವು. ಕಂಡಕ್ಟರ್ "ಅರ್ಗಾ, ಅರ್ಗಾ" ಎಂದು ಕೂಗಿದ್ದು ಕೇಳುವುದಿಲ್ಲ. ಶೇಂಗಾ ಬಾಯಿಗೆ ಹಾಕಿದರೆ ತಲೆಯೊಳಗೆ ಕಲ್ಲು ಒಡೆದ ಸದ್ದು. ಬೂಚು ಹಾಕಿದ ಕಿವಿಗೆ ನಮ್ಮ ದವಡೆಯ ಸದ್ದು ಎಲುಬಿನ ದಾರಿಯಿಂದ ಬಂದು ಹೊರಹೋಗಲಾರದೆ ಅಲ್ಲೇ ಸುತ್ತುತ್ತದೆ. ಪಕ್ಕದವರು ಮಾತಾಡಿಸಿದರೆ ನಾನು ಕೂಗಿ ಉತ್ತರಿಸುತ್ತೇನಂತೆ.

ಸಂಜೆ ಬಸ್ಸಿಗೆ ಹೊತ್ತಿದ್ದರೆ ಕಾರವಾರದ ಕಡಲತಡಿಯಲ್ಲಿ ನಡೆಯುತ್ತೇನೆ. ಅಲ್ಲಿ ಬಿಲ್ಲೆಯ ಇಯರ್‌ಬಡ್ಡೇ ಸೈ. ಕಾಳಿ ನದಿಯ ಕಡೆಗೆ ಮುಖ ಮಾಡಿ ನಡೆದರೆ ಎಡಕ್ಕೆ ಅಲೆ, ಬಲಕ್ಕೆ ಹೆದ್ದಾರಿಯ ಲಾರಿಗಳು, ನಡುವೆ ಸಣ್ಣಗೆ ಹಾಡು. ಹಾಡಿಗೆ ಸಿಗದ ಬಯಲನ್ನು ಕಡಲು ತುಂಬಿಕೊಡುತ್ತದೆ. ಕಾರವಾರದ ಬಗ್ಗೆ ಬರೆಯುವವರು ರವೀಂದ್ರನಾಥ ಠಾಗೋರರನ್ನು ಕರೆತರದೆ ಬಿಡುವುದಿಲ್ಲ. ನಾನೂ ಕಂದಾಯ ಕಟ್ಟಿಬಿಡುತ್ತೇನೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಆ ತರುಣ ಇಲ್ಲೇ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಆಗಿನ್ನೂ ಗ್ರಾಮಫೋನ್ ಹುಟ್ಟಿರಲಿಲ್ಲ. ಅವರಿಗೆ ಈ ಆಯ್ಕೆಯ ತಲೆಬಿಸಿ ಇರಲಿಲ್ಲ.

ಹೀಗೆ ಬಸ್ಸಿಗೊಂದು, ಬೀಚಿಗೊಂದು, ಮಳೆಯಿಲ್ಲದ ರಾತ್ರಿಗೊಂದು ಎಂದು ಹಂಚಿಕೊಟ್ಟು ನಿರಾಳವಾಗಿದ್ದೆ. ಒಂದು ರಾತ್ರಿ ಫ್ಯಾನು ನಿಲ್ಲಿಸಿ, ಓಪನ್-ಬ್ಯಾಕ್ ಏರಿಸಿ, ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿಟ್ಟಿದ್ದ ಕಾಳಿಂಗ ನಾವಡರ ಭಾಗವತಿಕೆ ಹಾಕಿದೆ. ಮೂರರಲ್ಲಿ ಅತಿ ದೊಡ್ಡ ಬಯಲಿನ ಯಂತ್ರ, ನಮ್ಮ ಬಯಲಿನದೇ ಆಟ. ನಾವಡರು ನೇರ ಬಂದು ನನ್ನ ನೆತ್ತಿಯೊಳಗೆ ಕೂತರು. ಮದ್ದಳೆ ಅವರ ತೊಡೆಯ ಮೇಲೆ. ಚಂಡೆಯೂ ಅಲ್ಲೇ. ತಾಳವೂ ಅಲ್ಲೇ. ಅಷ್ಟಗಲದ ರಂಗಸ್ಥಳ ಒಂದು ಸೂಜಿಮೊನೆಗೆ ಇಳಿದಿತ್ತು. ಯಂತ್ರದ ತಪ್ಪಿಲ್ಲ. ಆ ಕ್ಯಾಸೆಟ್ಟು ಮೊನೊ. ಎರಡೂ ಕಿವಿಗೆ ಒಂದೇ ಸದ್ದು ಕೊಟ್ಟರೆ ಮಿದುಳು ಅದನ್ನು ತಲೆಯ ನಟ್ಟನಡುವೆಯಲ್ಲದೆ ಇನ್ನೆಲ್ಲಿ ಇಟ್ಟೀತು? ನೂರು ರೂಪಾಯಿಯ ಬಿಲ್ಲೆಗೂ ಲಕ್ಷದ ಹೆಡ್‌ಫೋನಿಗೂ ಇಲ್ಲಿ ಒಂದೇ ಗತಿ. ಬಡಗೇರಿಯ ಸುಕ್ರಜ್ಜಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಹಾಡುಗಳು ನನ್ನ ಬಳಿ ಇವೆ. ಅವೂ ಯಾರೋ ಫೋನಿನಲ್ಲಿ ಹಿಡಿದವು, ಅವೂ ಮೊನೊ. ಅಜ್ಜಿಯ ಹಾಡನ್ನು ಎತ್ತಿಕೊಳ್ಳುವ ಹೆಂಗಸರು ಅವಳ ಸುತ್ತ ಕೂತಿರುತ್ತಾರಲ್ಲ, ರೆಕಾರ್ಡಿಂಗಿನಲ್ಲಿ ಅವರೆಲ್ಲ ಅಜ್ಜಿಯ ಗಂಟಲೊಳಗೇ ಇದ್ದಾರೆ. ನಾವಡರು 1990ರಲ್ಲಿ ಹೋದರು, ಅಜ್ಜಿ 2025ರ ಫೆಬ್ರವರಿಯಲ್ಲಿ. ಇನ್ನು ಆ ಬಯಲನ್ನು ತಂದುಕೊಡುವ ಹೆಡ್‌ಫೋನ್ ಹುಟ್ಟುವುದಿಲ್ಲ.

ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರ್ ಎರಡು ಮೈಕಿನಿಂದ ಸದ್ದಿನ ಜಾಗವನ್ನೂ ಹಿಡಿಯುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಅಂದರೆ ಇದು ಹೊಸ ವಿದ್ಯೆಯಲ್ಲ. ಅಳಿಯನಿಗೆ ಫೋನ್ ಮಾಡಿ ಬೈದೆ: ಇಷ್ಟೆಲ್ಲ ಕೇಳುವ ಯಂತ್ರ ಕೊಳ್ಳುತ್ತೀಯಲ್ಲ, ಹಿಡಿಯುವ ಯಂತ್ರ ಎಲ್ಲಿದೆ? ಚಳಿಗಾಲದಲ್ಲಿ ಬಂದವನು ಎರಡೂ ಕಿವಿಗೆ ಕಡಲೆಕಾಳಿನಷ್ಟು ಗಾತ್ರದ ಎರಡು ಮೈಕು ಸಿಕ್ಕಿಸಿಕೊಂಡು, ಜೇಬಿನಲ್ಲಿ ರೆಕಾರ್ಡರ್ ಇಟ್ಟುಕೊಂಡು ಊರಾಚೆಯ ಗದ್ದೆಯ ಆಟಕ್ಕೆ ನನ್ನ ಜತೆ ಬಂದು ಅಲ್ಲಾಡದೆ ಕೂತ. ಮಾರನೆಯ ದಿನ ಕೇಳಿದೆವು. ಎಡಕ್ಕೆ ದೂರದಲ್ಲಿ ಜನರೇಟರ್. ಹಿಂದಿನಿಂದ ಚುರುಮುರಿ ಕಲಸುವ ಚಮಚದ ಸದ್ದು. ಭಾಗವತರ ದನಿ ಭಾಗವತರಿಂದ ಬರುತ್ತಿಲ್ಲ, ಬಲಗಡೆಯ ಕಂಬಕ್ಕೆ ಕಟ್ಟಿದ ಸ್ಪೀಕರ್ ಡಬ್ಬಿಯಿಂದ ಬರುತ್ತಿದೆ. ಚಂಡೆ ಮಾತ್ರ ತನ್ನ ಜಾಗದಿಂದಲೇ. ಗದ್ದೆಯಲ್ಲಿ ಕೂತಾಗ ನಾನಿದನ್ನು ಗಮನಿಸಿರಲಿಲ್ಲ.

ಒಂದು ವಿಚಿತ್ರ ಉಳಿಯಿತು. ಅಳಿಯನಿಗೆ ಚಂಡೆ ಎದುರಿಗೇ ಇತ್ತು. ನನಗೆ ಅದು ಬೆನ್ನ ಹಿಂದೆ, ಸ್ವಲ್ಪ ಮೇಲೆ. ರೆಕಾರ್ಡ್ ಆದದ್ದು ಅವನ ಕಿವಿಯ ಮಡಿಕೆಗಳ ಲೆಕ್ಕದಲ್ಲಿ. ನನ್ನ ಮಿದುಳಿಗೆ ಗೊತ್ತಿರುವುದು ನನ್ನ ಮಡಿಕೆಗಳದು ಮಾತ್ರ. ಮೂರು ಯಂತ್ರಗಳಲ್ಲೂ ಹಾಗೆಯೇ ಕೇಳಿತು. ಆದರೂ ಅದು ನೆತ್ತಿಯೊಳಗೆ ಇರಲಿಲ್ಲ, ಹೊರಗಿತ್ತು. ಎರಡು ಸಾವಿರದೊಳಗಿನ ಐಇಎಮ್ಮೇ ಇದಕ್ಕೆ ಸಾಕಾಯಿತು ಎಂಬುದನ್ನು, ಓಪನ್-ಬ್ಯಾಕಿನ ಬೆಲೆ ಅಕ್ಕನಿಗೆ ತಿಳಿಯುವ ದಿನದವರೆಗೆ ನಾನು ಗುಟ್ಟಾಗಿಡುತ್ತೇನೆ.

ಆದ್ದರಿಂದ ಅಂಕೋಲೆ, ಕಾರವಾರದ ಕಡೆಯ ತರುಣರಲ್ಲಿ ಒಂದು ಕೋರಿಕೆ. ಮುಂದಿನ ಸುಗ್ಗಿಗೆ, ಬಂಡಿಹಬ್ಬಕ್ಕೆ, ಆಟಕ್ಕೆ ಹೋಗುವಾಗ ಹೊಸ ಇಯರ್‌ಫೋನಿಗೆ ಇಟ್ಟ ದುಡ್ಡಿನಲ್ಲಿ ಎರಡು ಮೈಕಿನ ಸಣ್ಣ ರೆಕಾರ್ಡರ್ ಒಂದನ್ನು ಕೊಳ್ಳಿ. ನಾಲ್ಕು ಜನ ಸೇರಿ ಕೊಂಡರೂ ಆದೀತು. ಸ್ಪೀಕರ್ ಡಬ್ಬಿಯಿಂದ ದೂರ, ಜನರ ನಡುವೆ ಒಂದೇ ಕಡೆ ಇಡಿ. ಕೈಯಲ್ಲಿ ಹಿಡಿದು ಓಡಾಡಬೇಡಿ. ಚಂಡೆ ಏರುವಾಗ ಸದ್ದು ಒಡೆಯದಂತೆ ಮಟ್ಟವನ್ನು ಮೊದಲೇ ತಗ್ಗಿಸಿಡಿ. ಹಾಡಿದವರ ಹೆಸರು, ಊರು, ತಾರೀಕನ್ನು ಕೊನೆಯಲ್ಲಿ ನೀವೇ ಹೇಳಿ ಸೇರಿಸಿ. ನನಗೂ ಒಂದು ಪ್ರತಿ ಕೊಡಿ. ವಾಟ್ಸಪ್ಪಿನಲ್ಲಿ ಆಡಿಯೊ ಎಂದು ಕಳಿಸಬೇಡಿ, ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್ ತನ್ನಿ.